ಬೆಕ್ಕಿಗೆ ಗುಳಿಗೆ ನುಂಗಿಸುವವರು ಯಾರು?

ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಎಂಬ ಪ್ರಶ್ನೆಗೆ ಇಲಿಗಳ ಸಭೆ ಇಂದಿಗೂ ಉತ್ತರ ಕಂಡುಕೊಂಡಿಲ್ಲ. ಅದಕ್ಕಿಂತ ಕಠಿಣವಾದ ಪ್ರಶ್ನೆಯೊಂದು ನಮ್ಮ ಮನೆಗಳಲ್ಲಿದೆ. ಮಳೆ ಹಿಡಿದು, ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಯ ಕಡೆ ಹೊಗೆಸೊಪ್ಪಿನ ಬ್ಯಾರನ್‌ಗಳಿಗೆ ಸೌದೆ ಹಾಕುವ ಹೊತ್ತಿಗೆ, ಕೃಷ್ಣರಾಜನಗರದ ಕಡೆ ಗದ್ದೆಯಲ್ಲಿ ನಾಟಿ ಕೆಲಸ ನಡೆದಿರುವ ಹೊತ್ತಿಗೆ, ಎಲ್ಲಿಂದಲೋ ಒಂದು ಬಡಕಲು ಬೆಕ್ಕು ಬಂದು ಬೆಚ್ಚಗಿನ ಮೂಲೆ ಹಿಡಿದು ಕುಳಿತುಬಿಡುತ್ತದೆ. ಕಣ್ಣಲ್ಲಿ ಪಿಸುರು, ಮೂಗಿನಲ್ಲಿ ಸಿಂಬಳ, ಕಿವಿಯ ಹಿಂದೆ ಕೂದಲು ಉದುರಿದ ಗುಂಡನೆಯ ಮಚ್ಚೆ. ಮಕ್ಕಳು ಹಾಲಿಡುತ್ತಾರೆ. ಅಜ್ಜಿ ಅಪಶಕುನ ಎನ್ನುತ್ತಾರೆ. ಮನೆಯ ಯಜಮಾನರು, ಇಲಿ ಹಿಡಿಯುತ್ತೆ ಇರಲಿ ಬಿಡಿ ಎಂದು ವ್ಯಾಜ್ಯ ಮುಗಿಸುತ್ತಾರೆ.

ಅಲ್ಲಿಗೆ ಬೆಕ್ಕು ನಿಮ್ಮದಾಯಿತು. ಪಶುವೈದ್ಯರು ಹತ್ತು ದಿನಕ್ಕೆ ಗುಳಿಗೆ ಬರೆದುಕೊಡುತ್ತಾರೆ. ಮೊದಲ ದಿನ ಹೇಗೋ ಆಗುತ್ತದೆ. ಎರಡನೆಯ ದಿನ ಮುಂಗೈ ತುಂಬ ಪರಚು ಗಾಯ. ಮೂರನೆಯ ದಿನ ಬೆಕ್ಕು ಅಟ್ಟದ ಮೇಲೆ, ಗುಳಿಗೆಯ ಪಟ್ಟಿ ಗೂಡಿನಲ್ಲಿ. ಬೆಕ್ಕು ಬಹಳ ಹಟಮಾರಿ ಎಂದು ತೀರ್ಮಾನಿಸಿ ಮನೆಯವರು ಕೈತೊಳೆದುಕೊಳ್ಳುತ್ತಾರೆ. ಇದರಲ್ಲಿ ಬೆಕ್ಕಿನ ಹಟ ನಾಲ್ಕಾಣೆಯಷ್ಟಾದರೆ ನಮ್ಮ ಅವಸರ ಹನ್ನೆರಡಾಣೆಯಷ್ಟು ಎಂಬುದು ನನ್ನ ಅಭಿಪ್ರಾಯ.

ಗುಳಿಗೆಯ ವಿಷಯಕ್ಕೆ ಬರುವ ಮುನ್ನ ಒಂದು ಎಚ್ಚರಿಕೆಯ ಮಾತು. ಎಲ್ಲಿಂದಲೋ ಬಂದ ಬೆಕ್ಕು ಜೊಲ್ಲು ಸುರಿಸುತ್ತಿದ್ದರೆ, ನುಂಗಲಾರದೆ ಒದ್ದಾಡುತ್ತಿದ್ದರೆ, ಗಂಟಲಲ್ಲಿ ಮುಳ್ಳು ಸಿಕ್ಕಿಕೊಂಡಿರಬೇಕೆಂದು ಬಾಯಿಗೆ ಬೆರಳು ಹಾಕಲು ಹೋಗಬೇಡಿ. ರೇಬೀಸ್ ನಾಯಿಯ ರೋಗ ಮಾತ್ರವಲ್ಲ. ಹುಚ್ಚುನಾಯಿಯೋ ಸೋಂಕು ತಗುಲಿದ ಮುಂಗುಸಿಯೋ ಕಚ್ಚಿದ ಬೆಕ್ಕಿಗೂ ಅದು ಬರುತ್ತದೆ, ಬೆಕ್ಕಿನಿಂದ ಮನುಷ್ಯನಿಗೂ ಬರುತ್ತದೆ. ನುಂಗುವ ಸ್ನಾಯುಗಳು ಸೋತು ಜೊಲ್ಲು ಸುರಿಯುವುದು ಅದರ ಲಕ್ಷಣಗಳಲ್ಲೊಂದು. ಸಾಧುವಾಗಿದ್ದದ್ದು ಇದ್ದಕ್ಕಿದ್ದಂತೆ ಮೈಮೇಲೆ ಎರಗುವುದು, ದನಿ ಬದಲಾಗುವುದು, ಹಿಂಗಾಲು ಎಳೆಯುವುದು ಕೂಡ ಅನುಮಾನಕ್ಕೆ ಕಾರಣವಾಗಬೇಕು. ಅಂಥ ಬೆಕ್ಕನ್ನು ಒಂದು ಕೋಣೆಯಲ್ಲಿ ಕೂಡಿಹಾಕಿ, ಮಕ್ಕಳನ್ನು ದೂರವಿಟ್ಟು, ಪಶುವೈದ್ಯರಿಗೆ ಸುದ್ದಿ ಕೊಡಿ. ಕಹಿ ಗುಳಿಗೆ ನಾಲಿಗೆಗೆ ತಾಗಿದೊಡನೆ ಬೆಕ್ಕು ಬಾಯಲ್ಲಿ ನೊರೆ ತರುವುದೂ ಉಂಟು. ಅದು ಬೇರೆ, ಸ್ವಲ್ಪ ಹೊತ್ತಿನಲ್ಲಿ ತಾನಾಗಿ ನಿಲ್ಲುತ್ತದೆ. ಅದಕ್ಕೆ ಗಾಬರಿ ಬೇಡ.

ನಮ್ಮ ಕಡೆಯ ರೈತರಿಗೆ ಪ್ರಾಣಿಗಳಿಗೆ ಔಷಧಿ ಕುಡಿಸುವುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಬಿದಿರಿನ ಗೊಟ್ಟ ನಮ್ಮ ತಾತಂದಿರ ಕಾಲದ್ದು. ಕನ್ನಡದಲ್ಲಿ ಪಶುವೈದ್ಯದ ಗ್ರಂಥಗಳೂ ಬಹಳ ಹಿಂದೆಯೇ ಬಂದಿವೆ. ಚಾಲುಕ್ಯರ ಕಾಲದ ಕೀರ್ತಿವರ್ಮ ‘ಗೋವೈದ್ಯ’ ಬರೆದ, ಕುದುರೆಗಳ ವೈದ್ಯದ ಮೇಲೂ ಪುಸ್ತಕಗಳಿವೆ. ಬೆಕ್ಕಿನ ಬಗ್ಗೆ ಬರೆಯಲು ಯಾವ ರಾಜನೂ ಹೇಳಿದಂತೆ ಕಾಣೆ. ಹೀಗಾಗಿ ಹಸುವಿನ ಗೊಟ್ಟದ ವಿದ್ಯೆಯನ್ನೇ ಬೆಕ್ಕಿಗೂ ತರುತ್ತೇವೆ. ತಲೆ ಹಿಂದಕ್ಕೆ ಬಗ್ಗಿಸಿ, ಮೂಗು ಒತ್ತಿ ಹಿಡಿದು, ಗಂಟಲಿಗೆ ಗಟಗಟನೆ ಸುರಿಯುತ್ತೇವೆ. ಹೀಗೆ ಸುರಿದ ದ್ರವ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುವುದುಂಟು. ಮೂರು ಕಿಲೋ ತೂಗುವ ಪ್ರಾಣಿ ಅದನ್ನು ತಡೆದುಕೊಳ್ಳುವುದು ಕಷ್ಟ. ಕಾಯಿಲೆಯಿಂದ ಸತ್ತಿತೆಂದು ನಾವು ತಿಳಿಯುತ್ತೇವೆ, ಸತ್ತದ್ದು ಚಿಕಿತ್ಸೆಯಿಂದ.

ಇನ್ನೊಂದು ಉಪಾಯ ಎಲ್ಲರಿಗೂ ಹೊಳೆಯುವಂಥದ್ದು, ಊಟದಲ್ಲಿ ಬೆರೆಸಿಬಿಡುವುದು. ಇಲ್ಲಿ ತೆನಾಲಿ ರಾಮಕೃಷ್ಣನ ಬೆಕ್ಕನ್ನು ನೆನೆಯಬೇಕು. ಒಮ್ಮೆ ಸುಡುಹಾಲು ಕುಡಿದು ನಾಲಿಗೆ ಸುಟ್ಟುಕೊಂಡ ಆ ಬೆಕ್ಕು ಆಮೇಲೆ ಹಾಲು ಕಂಡರೆ ಓಡಿಹೋಗುತ್ತಿತ್ತಂತೆ. ಕಥೆ ಹಾಸ್ಯದ್ದಾದರೂ ಬೆಕ್ಕಿನ ಸ್ವಭಾವವನ್ನು ಬಲ್ಲವರು ಕಟ್ಟಿದ್ದು. ಒಂದು ಸಲ ಕಹಿಯಾದ ಊಟವನ್ನು ಬೆಕ್ಕು ಸುಲಭವಾಗಿ ಮರೆಯುವುದಿಲ್ಲ. ದಿನದ ಅನ್ನದಲ್ಲೇ ಔಷಧಿ ಬೆರೆಸಿದರೆ ಔಷಧಿಯೂ ಹೋಯಿತು, ಅನ್ನವೂ ಹೋಯಿತು. ಬೆಕ್ಕಿನ ಉಪವಾಸ ನಮ್ಮ ಏಕಾದಶಿಯಂತಲ್ಲ. ಎರಡು ಮೂರು ದಿನ ಏನೂ ತಿನ್ನದಿದ್ದರೆ, ಅದರಲ್ಲೂ ಮೈತುಂಬಿಕೊಂಡ ಬೆಕ್ಕಾದರೆ, ಯಕೃತ್ತಿನಲ್ಲಿ ಕೊಬ್ಬು ತುಂಬಿ ಪ್ರಾಣಕ್ಕೇ ಬರಬಹುದು.

ಬೆರೆಸಲೇಬೇಕೆಂದರೆ ಊಟದಿಂದ ಬೇರೆಯಾಗಿ, ಹಸಿದ ಹೊತ್ತಿನಲ್ಲಿ, ಚಿಕ್ಕ ಚಿಕ್ಕ ತುತ್ತುಗಳಲ್ಲಿ ಕೊಡಿ. ಬೇಯಿಸಿದ ಕೋಳಿ ಈಲಿ, ಮುಳ್ಳು ತೆಗೆದ ಮೀನು ಒಳ್ಳೆಯವು. ಮೊದಲೆರಡು ತುತ್ತು ಬರಿದೇ, ಮೂರನೆಯದರಲ್ಲಿ ಗುಳಿಗೆ, ನಾಲ್ಕನೆಯದು ಮತ್ತೆ ಬರಿದೇ. ಮಸಾಲೆಯ ಸಾರಿನ ತುಂಡು ಬೇಡ, ಈರುಳ್ಳಿ ಬೆಳ್ಳುಳ್ಳಿ ಬೆಕ್ಕಿನ ರಕ್ತಕ್ಕೆ ಹಾನಿ ಮಾಡುತ್ತವೆ. ನಾಯಿಗಾದರೆ ರಾಗಿಮುದ್ದೆಯ ಉಂಡೆಯಲ್ಲಿಟ್ಟು ಎಸೆದರೆ ಮುಗಿಯಿತು, ನೋಡದೆ ನುಂಗುತ್ತದೆ. ಬೆಕ್ಕು ಮೂಸುತ್ತದೆ, ನಿಮ್ಮ ಮುಖ ನೋಡುತ್ತದೆ, ಆಮೇಲೆ ಮುದ್ದೆ ಬಿಟ್ಟು ಹೋಗುತ್ತದೆ. ಗುಳಿಗೆಯನ್ನು ಪುಡಿ ಮಾಡಬಹುದೇ ಎಂದು ಬರೆದುಕೊಟ್ಟವರನ್ನೇ ಕೇಳಿ. ಮೇಲ್ಹೊದಿಕೆಯ ಕೆಲವು ಗುಳಿಗೆಗಳು ಒಡೆದೊಡನೆ ಹಾಲಾಹಲದಷ್ಟು ಕಹಿ.

ನೇರವಾಗಿ ನುಂಗಿಸುವ ಕ್ರಮ ಕೇಳಲು ದೊಡ್ಡದಾಗಿ ಕಂಡರೂ ಮಾಡಲು ಅರೆನಿಮಿಷದ ಕೆಲಸ. ಇಬ್ಬರಿರಬೇಕು. ಮಕ್ಕಳ ಗುಂಪು ಬೇಡ, ಕೂಗಾಟ ಬೇಡ, ಬಾಗಿಲು ಹಾಕಿರಲಿ. ಗುಳಿಗೆ, ನೀರು, ಆಮೇಲೆ ಕೊಡುವ ತಿನಿಸು ಎಲ್ಲ ಮೊದಲೇ ಕೈಗೆಟಕುವಂತಿರಲಿ. ಬೆಕ್ಕು ಕೈಯಲ್ಲಿದ್ದಾಗ ಪಟ್ಟಿಯಿಂದ ಗುಳಿಗೆ ಬಿಡಿಸುತ್ತ ಕೂತರೆ ಆಟ ಅಲ್ಲಿಗೇ ಮುಗಿಯಿತು. ದಪ್ಪ ಟವೆಲಿನಲ್ಲಿ ಕಾಲುಗಳೆಲ್ಲ ಒಳಗೆ ಸೇರುವಂತೆ, ಬಾಣಂತಿ ಮನೆಯಲ್ಲಿ ಕೂಸನ್ನು ಸುತ್ತುವಂತೆ ಸುತ್ತಿ, ತಲೆ ಮಾತ್ರ ಹೊರಗಿರಲಿ. ಒಬ್ಬರು ಹಿಡಿದುಕೊಳ್ಳಲಿ. ಇನ್ನೊಬ್ಬರು ತಲೆಯ ಮೇಲಿನಿಂದ ಹೆಬ್ಬೆರಳು ತೋರುಬೆರಳುಗಳಿಂದ ಎರಡು ಕೆನ್ನೆಯ ಮೂಳೆಗಳನ್ನು ಮೆದುವಾಗಿ ಹಿಡಿದು ಮೂಗನ್ನು ಮೇಲಕ್ಕೆ ತಿರುಗಿಸಬೇಕು. ಕೆಳದವಡೆ ತಾನೇ ಸ್ವಲ್ಪ ಸಡಿಲಾಗುತ್ತದೆ. ಇನ್ನೊಂದು ಕೈಯ ಮಧ್ಯದ ಬೆರಳಿನಿಂದ ಮುಂಭಾಗದ ಚಿಕ್ಕ ಹಲ್ಲುಗಳ ಮೇಲೆ ಒತ್ತಿ ಬಾಯಿ ತೆರೆದು, ಚೂರು ಬೆಣ್ಣೆ ಸವರಿದ ಗುಳಿಗೆಯನ್ನು ನಾಲಿಗೆಯ ಹಿಂಭಾಗದ ನಡುಮಧ್ಯಕ್ಕೆ ಬಿಡಬೇಕು. ನಾಲಿಗೆಯ ತುದಿಗೆ ಬಿದ್ದರೆ ನಿಮ್ಮ ಮಡಿಲಿಗೇ ಮರಳಿ ಬರುತ್ತದೆ. ಬಾಯಿ ಮುಚ್ಚಿ, ತಲೆಯನ್ನು ಸಹಜ ಸ್ಥಿತಿಗೆ ತಂದು, ಗಂಟಲು ನೇವರಿಸಿ. ಬೆಕ್ಕು ಮೂಗು ನೆಕ್ಕಿಕೊಂಡರೆ ನುಂಗಿತೆಂದು ಲೆಕ್ಕ. ಎರಡು ಪ್ರಯತ್ನದಲ್ಲಿ ಆಗದಿದ್ದರೆ ಬಿಟ್ಟುಬಿಡಿ, ಒಂದೆರಡು ಗಂಟೆ ಕಳೆದು ಮತ್ತೆ ನೋಡಿ.

ಇಷ್ಟಕ್ಕೆ ಮುಗಿಯಲಿಲ್ಲ, ಬಹಳ ಮನೆಗಳಲ್ಲಿ ತಪ್ಪುವುದು ಇನ್ನು ಮುಂದಿನ ಹೆಜ್ಜೆ. ಒಣ ಗುಳಿಗೆ ಬೆಕ್ಕಿನ ಅನ್ನನಾಳದಲ್ಲೇ ಅಂಟಿಕೊಂಡು ನಿಲ್ಲಬಹುದು. ನೆಗಡಿ ಕೆಮ್ಮಿಗೆ ಬೆಕ್ಕುಗಳಿಗೆ ಆಗಾಗ ಬರೆಯುವ ಡಾಕ್ಸಿಸೈಕ್ಲಿನ್ ಹೀಗೆ ನಿಂತರೆ ಅಲ್ಲಿ ಹುಣ್ಣಾಗಿ, ಮಾಯುವಾಗ ನಾಳವೇ ಕಿರಿದಾಗಿ, ಆಮೇಲೆ ಬೆಕ್ಕು ತಿಂದದ್ದೆಲ್ಲ ಕಕ್ಕುತ್ತದೆ. ಆದ್ದರಿಂದ ಗುಳಿಗೆಯ ಹಿಂದೆಯೇ ಸೂಜಿ ತೆಗೆದ ಸಿರಿಂಜಿನಿಂದ ಐದಾರು ಮಿ.ಲೀ. ನೀರು ಕುಡಿಸಲೇಬೇಕು. ಕೆನ್ನೆಯ ಪಕ್ಕದ ಸಂದಿಯಿಂದ, ತಲೆ ಎತ್ತಿಸದೆ, ತೊಟ್ಟು ತೊಟ್ಟಾಗಿ, ನುಂಗಿದ್ದು ನೋಡಿಕೊಂಡು. ದ್ರವೌಷಧಿಗೂ ಇದೇ ಕ್ರಮ. ನೀರಿನ ಬದಲು ಹಾಲು ಕೊಡಬೇಡಿ, ಹಾಲಿನಲ್ಲಿರುವ ಕ್ಯಾಲ್ಸಿಯಂ ಡಾಕ್ಸಿಸೈಕ್ಲಿನ್ ಮೈಗೆ ಹತ್ತದಂತೆ ಮಾಡುತ್ತದೆ. ಅಂದಹಾಗೆ ಬೆಕ್ಕಿಗೂ ಹಾಲಿಗೂ ಇರುವ ನಂಟು ಗಾದೆಗಳಲ್ಲಿರುವಷ್ಟು ಗಟ್ಟಿಯಾದದ್ದಲ್ಲ. ಬೆಳೆದ ಎಷ್ಟೋ ಬೆಕ್ಕುಗಳಿಗೆ ಹಾಲು ಅರಗದೆ ಭೇದಿಯಾಗುತ್ತದೆ.

ಈಗ ಪಶುವೈದ್ಯರ ಬಳಿ ಹೋಗದೆಯೇ ನಡೆಯುವ ಚಿಕಿತ್ಸೆಯ ಮಾತು. ಬೆಕ್ಕಿನ ಮೈ ಬಿಸಿಯಾಗಿದೆಯೆಂದು ಮನೆಯಲ್ಲಿದ್ದ ಪ್ಯಾರಾಸಿಟಮಾಲ್ ಅರ್ಧ ಮಾಡಿ ಕೊಡುವವರಿದ್ದಾರೆ. ಮನುಷ್ಯರ 500 ಮಿ.ಗ್ರಾಂ. ಗುಳಿಗೆಯ ಅರ್ಧ ಭಾಗ ಒಂದು ಬೆಕ್ಕನ್ನು ಕೊಲ್ಲಲು ಸಾಕಾಗಬಹುದು. ಆ ಔಷಧಿಯನ್ನು ಕರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಇಲ್ಲವೆನ್ನುವಷ್ಟು ಕಡಿಮೆ. ರಕ್ತ ಆಮ್ಲಜನಕ ಹೊರುವ ಗುಣ ಕಳೆದುಕೊಂಡು ವಸಡು ಕಂದುನೀಲಿಯಾಗುತ್ತದೆ, ಮುಖ ಊದಿಕೊಳ್ಳುತ್ತದೆ, ಉಸಿರು ಮೇಲೇಳುತ್ತದೆ. ಯಾರಾದರೂ ಕೊಟ್ಟುಬಿಟ್ಟಿದ್ದರೆ ಕೂಡಲೇ ಕೊಂಡೊಯ್ಯಿರಿ, ಕೊಟ್ಟದ್ದು ಏನೆಂದು ಮುಚ್ಚುಮರೆಯಿಲ್ಲದೆ ಹೇಳಿ. ಅದಕ್ಕೆ ಮದ್ದು ಇದೆ, ಆದರೆ ಗಂಟೆಗಳ ಲೆಕ್ಕ. ಒಂದು ಜೀವಿಗೆ ಒಗ್ಗಿದ್ದು ಇನ್ನೊಂದಕ್ಕೆ ವಿಷವಾಗುವುದಕ್ಕೆ ದೂರ ಹೋಗಬೇಕಿಲ್ಲ. ದನಗಳಿಗೆ ಕೊಟ್ಟ ಡೈಕ್ಲೋಫೆನಾಕ್ ಆ ದನಗಳ ಕಳೇಬರ ತಿಂದ ರಣಹದ್ದುಗಳನ್ನು ಕೊಂದದ್ದರಿಂದ 2006ರಲ್ಲಿ ಪಶುಚಿಕಿತ್ಸೆಯಲ್ಲಿ ಅದನ್ನು ನಿಷೇಧಿಸಬೇಕಾಯಿತು.

ಈ ನಾಲ್ಕು ತಾಲ್ಲೂಕಿನವರಿಗೆ ಒಂದು ವಿಶೇಷ ಮಾತು. ಚಿಗಟ, ಹೇನಿಗೆ ಹೊಗೆಸೊಪ್ಪಿನ ನೀರು ಹಚ್ಚುವ ಅಭ್ಯಾಸವಿದ್ದರೆ ಬೆಕ್ಕಿನ ಮಟ್ಟಿಗೆ ಅದನ್ನು ಬಿಡಿ. ಬೆಕ್ಕು ದಿನವಿಡೀ ಮೈ ನೆಕ್ಕಿಕೊಳ್ಳುವ ಪ್ರಾಣಿ, ಮೈಗೆ ಹಚ್ಚಿದ ನಿಕೋಟಿನ್ ಹೊಟ್ಟೆಗೇ ಹೋಗುತ್ತದೆ. ದನಗಳ ಉಣ್ಣೆಗೆ ತಂದ ಔಷಧಿ, ನಾಯಿಗೆಂದು ತಂದ ಪರ್ಮೆತ್ರಿನ್ ಇರುವ ಔಷಧಿ ಇವೂ ಬೆಕ್ಕಿಗೆ ನಡುಕ, ಸೆಳವು ತರುತ್ತವೆ. ಬ್ಯಾರನ್ನಿನಲ್ಲೋ ಭತ್ತದ ಕಣದಲ್ಲೋ ಇಲಿ ಪಾಷಾಣ ಇಟ್ಟ ವಾರ ಬೆಕ್ಕನ್ನು ಒಳಗೇ ಇಟ್ಟುಕೊಳ್ಳಿ. ಒಂದು ಕೈಯಲ್ಲಿ ಗುಳಿಗೆ ನುಂಗಿಸಿ ಇನ್ನೊಂದು ಕೈಯಲ್ಲಿ ಪಾಷಾಣದ ಇಲಿ ತಿನ್ನಿಸುವುದರಲ್ಲಿ ಅರ್ಥವಿಲ್ಲ.

ಇದೆಲ್ಲ ಬೆಕ್ಕಿನ ಆರೋಗ್ಯವಾಯಿತು, ಮನೆಯವರ ಆರೋಗ್ಯದ ಅಂಕಣದಲ್ಲಿ ಏಕೆ ಎಂದು ಕೇಳಬಹುದು. ಕಿವಿಯ ಹಿಂದಿನ ಆ ಗುಂಡನೆಯ ಮಚ್ಚೆ ಹುಳುಕಡ್ಡಿಯಾಗಿರಬಹುದು, ಎತ್ತಿಕೊಂಡ ಮಗುವಿನ ಕೆನ್ನೆಗೂ ಕೈಗೂ ಅದು ಬರುತ್ತದೆ. ಬೆಕ್ಕಿಗೆ ಗುಳಿಗೆ ಮೂರು ದಿನಕ್ಕೆ ನಿಂತರೆ ಮನೆಯಲ್ಲಿ ತುರಿಕೆ ಮೂರು ತಿಂಗಳಾದರೂ ನಿಲ್ಲುವುದಿಲ್ಲ. ಔಷಧಿ ಅಂಗಡಿಯಲ್ಲಿ ಕೇಳಿ ತಂದ ಸ್ಟಿರಾಯ್ಡ್ ಬೆರೆತ ಮುಲಾಮು ತುರಿಕೆಯನ್ನು ಅಡಗಿಸಿ ಹುಳುಕಡ್ಡಿಯನ್ನು ಒಳಗೊಳಗೇ ಹರಡುತ್ತದೆ. ಮಗುವನ್ನೂ ಬೆಕ್ಕನ್ನೂ ಒಟ್ಟಿಗೇ ತೋರಿಸಿ, ಒಬ್ಬರನ್ನು ಮನುಷ್ಯರ ವೈದ್ಯರಿಗೆ, ಇನ್ನೊಬ್ಬರನ್ನು ಪಶುವೈದ್ಯರಿಗೆ. ಬಸುರಿಯರು ಬೆಕ್ಕಿನ ಮಲ ಬಳಿಯುವ ಕೆಲಸವನ್ನು ಬೇರೆಯವರಿಗೆ ಬಿಡಬೇಕು.

ಗುಳಿಗೆ ನುಂಗಿಸುವಾಗ ಹಲ್ಲು ತಾಗಿತೆನ್ನಿ. ಬೆಕ್ಕಿನ ಹಲ್ಲು ಸೂಜಿಯಂತೆ, ಗಾಯ ಹೊರಗೆ ಚುಕ್ಕೆಯಷ್ಟು, ಒಳಗೆ ಆಳ. ಅದರ ಬಾಯಿಯ ಬ್ಯಾಕ್ಟೀರಿಯಾದಿಂದ ಮರುದಿನವೇ ಕೈ ಊದಿಕೊಳ್ಳಬಹುದು. ಅರಿಸಿನ, ಸುಣ್ಣ, ಕಾಫಿಪುಡಿ ಯಾವುದನ್ನೂ ಮೆತ್ತಬೇಡಿ. ಹರಿಯುವ ನೀರಿನಲ್ಲಿ ಸೋಪು ಹಚ್ಚಿ ಹದಿನೈದು ನಿಮಿಷ ತೊಳೆದು ಅಂದೇ ಆಸ್ಪತ್ರೆಗೆ ಹೋಗಿ. ರಕ್ತ ಬಂದ ಗಾಯಕ್ಕೆ ಲಸಿಕೆಯ ಜೊತೆಗೆ ಗಾಯದ ಸುತ್ತ ಇಮ್ಯುನೊಗ್ಲಾಬ್ಯುಲಿನ್ ಕೂಡ ಬೇಕಾಗುತ್ತದೆ, ಕೇಳಿ ಹಾಕಿಸಿಕೊಳ್ಳಿ. ಬೆಕ್ಕನ್ನು ಹತ್ತು ದಿನ ಗಮನಿಸುವುದು ಸರಿ, ಆದರೆ ಆ ಹತ್ತು ದಿನ ಲಸಿಕೆಗೆ ಕಾಯುವುದು ಸರಿಯಲ್ಲ. ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿ ಎಂಬ ಭಯ ಹಿರಿಯರಲ್ಲಿ ಇನ್ನೂ ಉಳಿದಿದೆ. ಆ ಹಳೆಯ ಲಸಿಕೆಯ ಬಳಕೆ ನಮ್ಮ ದೇಶದಲ್ಲಿ 2004ರ ಕೊನೆಗೇ ನಿಂತುಹೋಯಿತು. ಈಗ ತೋಳಿಗೆ ಹಾಕುತ್ತಾರೆ. ಚರ್ಮದೊಳಗೆ ಕೊಡುವ ಕ್ರಮವಾದರೆ 0, 3, 7 ಮತ್ತು 28ನೆಯ ದಿನ, ಸ್ನಾಯುವಿಗೆ ಕೊಡುವುದಾದರೆ 14ನೆಯ ದಿನವೂ ಸೇರುತ್ತದೆ. ರೋಗಲಕ್ಷಣ ಕಾಣಿಸಿಕೊಂಡ ಮೇಲೆ ಮಾತ್ರ ಯಾವ ಆಸ್ಪತ್ರೆಯೂ ಉಳಿಸಲಾರದು.

ಪಶುವೈದ್ಯರಲ್ಲೂ ಒಂದು ವಿನಂತಿ. ತಾಲ್ಲೂಕಿನ ಪಶು ಆಸ್ಪತ್ರೆಗಳಲ್ಲಿ ಹಸು ಎಮ್ಮೆ ಕುರಿಗಳ ಸಾಲಿನ ಕೊನೆಯಲ್ಲಿ ಚೀಲದೊಳಗಿನ ಬೆಕ್ಕಿನ ಸರದಿ ಬರುತ್ತದೆ. ಅದು ಸಹಜ. ಆದರೆ ಗುಳಿಗೆ ಬರೆದುಕೊಟ್ಟರೆ ಸಾಲದು, ಮೊದಲ ಗುಳಿಗೆಯನ್ನು ಮನೆಯವರ ಕೈಯಲ್ಲೇ ಅಲ್ಲಿಯೇ ನುಂಗಿಸಿ ಕಳಿಸಬೇಕು. ಎರಡು ನಿಮಿಷದ ಆ ಪಾಠವಿಲ್ಲದಿದ್ದರೆ ಹತ್ತು ದಿನದ ಔಷಧಿ ಗೂಡು ಸೇರುವುದು ಖಂಡಿತ. ಓದುಗರಾದ ನೀವೂ ಸಂಕೋಚ ಬಿಡಬೇಕು. ನುಂಗಿಸಲು ಆಗುತ್ತಿಲ್ಲವೆಂದು ಹೇಳಿಕೊಳ್ಳುವುದರಲ್ಲಿ ಅವಮಾನವೇನಿಲ್ಲ. ಕೆಲವು ಔಷಧಿಗಳು ಚುಚ್ಚುಮದ್ದಾಗಿ ಸಿಗುತ್ತವೆ, ಕೆಲವು ದ್ರವವಾಗಿ, ಕೆಲವನ್ನು ದಿನಕ್ಕೆರಡರ ಬದಲು ಒಂದೇ ಹೊತ್ತು ಕೊಡುವಂತೆ ಬದಲಿಸಬಹುದು. ಹೇಳದೆ ನಡುವೆ ನಿಲ್ಲಿಸಿದರೆ ರೋಗ ಮರಳುತ್ತದೆ, ಅರ್ಧ ತಿಂದ ಪ್ರತಿಜೀವಕ ಮುಂದಿನ ಸಲ ಕೆಲಸ ಮಾಡದೆಯೂ ಹೋಗಬಹುದು. ಬೆಕ್ಕು ಚೇತರಿಸಿಕೊಂಡ ಮೇಲೆ ರೇಬೀಸ್ ಲಸಿಕೆಯನ್ನೂ ಹಾಕಿಸಿಬಿಡಿ. ಮೂರು ತಿಂಗಳು ತುಂಬಿದ ಮರಿಗೂ ಹಾಕುತ್ತಾರೆ.

ಆಸ್ಪತ್ರೆಗೆ ಒಯ್ಯುವಾಗ ಗಾಳಿಯಾಡುವ ಮುಚ್ಚಳದ ಬುಟ್ಟಿಯಲ್ಲಿ ಹಳೆಯ ಸೀರೆ ಹಾಸಿ ಕೂರಿಸಿ, ಮೇಲೊಂದು ಬಟ್ಟೆ ಹೊದಿಸಿ. ಕತ್ತಲಾದರೆ ಬಸ್ಸಿನ ಸದ್ದಿಗೂ ಸುಮ್ಮನಿರುತ್ತದೆ. ಬುಟ್ಟಿಸಮೇತ ತೂಗಿ, ಬರಿ ಬುಟ್ಟಿಯ ತೂಕ ಕಳೆದು, ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಔಷಧಿಯ ಪ್ರಮಾಣ ನಿಲ್ಲುವುದು ಆ ತೂಕದ ಮೇಲೆಯೇ. ಅದೇ ಚೀಟಿಯಲ್ಲಿ ಬೆಕ್ಕು ಎಂದಿನಿಂದ ತಿನ್ನುತ್ತಿಲ್ಲ, ಮನೆಯಲ್ಲಿ ಏನೇನು ಕೊಟ್ಟಿರಿ, ಯಾರಿಗೆ ಪರಚಿತು ಎಂಬುದೂ ಇರಲಿ.