ಮಗು ಹಾಳು ಮಾಡಿದ ಮೊಬೈಲ್‌ಗೆ ದುಡ್ಡು ಕೊಡುವವರು ಯಾರು?

ಮನೆಗೆಲಸದವರ ಸಾಮಾಜಿಕ ಭದ್ರತೆಗಾಗಿ ರಾಜ್ಯ ಸರ್ಕಾರ 2025ರಲ್ಲಿ ಮಸೂದೆಯೊಂದರ ಕರಡು ಪ್ರಕಟಿಸಿತು. ಆಗ ನನ್ನ ಕಿವಿಗೆ ಬಿದ್ದ ಚರ್ಚೆಯೆಲ್ಲ ಒಂದೇ ವಿಷಯದ ಸುತ್ತ ಇತ್ತು. ಕೆಲಸಕ್ಕೆ ಇಟ್ಟುಕೊಂಡವರು ಸಂಬಳದ ಮೇಲೆ ಶೇ 5ರವರೆಗೆ ಕಲ್ಯಾಣ ಶುಲ್ಕ ಕಟ್ಟಬೇಕಂತೆ, ಇದು ನ್ಯಾಯವೇ ಎಂಬುದು. ಅದೇ ಕರಡಿನಲ್ಲಿದ್ದ ಇನ್ನೊಂದು ಮಾತನ್ನು ಯಾರೂ ಅಷ್ಟಾಗಿ ಗಮನಿಸಲಿಲ್ಲ. ಕೆಲಸಕ್ಕೆ ಸೇರುವಾಗ ಲಿಖಿತ ಒಪ್ಪಂದ ಇರಬೇಕು ಎಂಬುದು ಅದು. ನನಗೆ ಶುಲ್ಕಕ್ಕಿಂತ ಇದೇ ದೊಡ್ಡ ವಿಷಯ ಅನ್ನಿಸಿದ್ದಕ್ಕೆ ಕಾರಣ ನಮ್ಮ ಚಿಕ್ಕಮ್ಮನ ಮೊಬೈಲ್.

ಸಿಂಧನೂರು ಕಡೆಯಿಂದ ಬಂದ ಚಿಕ್ಕಮ್ಮ ಹೂಡಿ ಹತ್ತಿರದ ಅಪಾರ್ಟ್‌ಮೆಂಟ್ ಒಂದರಲ್ಲಿ ಎರಡೂವರೆ ವರ್ಷದ ಹುಡುಗನನ್ನು ನೋಡಿಕೊಳ್ಳುತ್ತಾರೆ. ಬೆಳಿಗ್ಗೆ ಎಂಟೂವರೆಗೆ ಹೋದರೆ ಬರುವುದು ಸಂಜೆ ಏಳಕ್ಕೆ. ಒಂದು ದಿನ ಆ ಪುಟ್ಟ ಅವರ ಮೊಬೈಲನ್ನು ಎತ್ತಿಕೊಂಡು ಹೋಗಿ ಬಕೆಟ್ ನೀರಿಗೆ ಹಾಕಿದ. ಹನ್ನೊಂದು ಸಾವಿರದ ಫೋನು, ಇನ್ನೂ ನಾಲ್ಕು ಕಂತು ಬಾಕಿ ಇತ್ತು. ಸಂಜೆ ಮಗುವಿನ ತಾಯಿಗೆ ಹೇಳಿದಾಗ ಬಂದ ಉತ್ತರ: ‘ಅಯ್ಯೋ ಅಕ್ಕಾ, ಮಕ್ಕಳು ಅಂದ್ರೆ ಹಾಗೇ ಅಲ್ವಾ? ನೀವು ಫೋನ್ ಮೇಲಿಡಬೇಕಿತ್ತು.’ ಅದೇ ಮನೆಯಲ್ಲಿ ಹಿಂದಿನ ತಿಂಗಳು ಚಿಕ್ಕಮ್ಮನ ಕೈಜಾರಿ ಗಾಜಿನ ಜಗ್ ಒಡೆದಿತ್ತು. ಸಂಬಳದಲ್ಲಿ ಆರು ನೂರು ಕಡಿತವಾಗಿತ್ತು. ಆಗ ‘ಕೈ ಅಂದಮೇಲೆ ಜಾರುತ್ತೆ’ ಅಂತ ಯಾರೂ ಹೇಳಿರಲಿಲ್ಲ.

ಫೋನ್ ಮೇಲಿಡಬಹುದಿತ್ತು, ನಿಜ. ಆದರೆ ಮಗು ತಿಂಡಿ ತಿಂದ ಕೂಡಲೇ ಫೋಟೊ ವಾಟ್ಸ್‌ಆ್ಯಪ್ ಮಾಡಬೇಕು. ಮಧ್ಯಾಹ್ನ ತಾಯಿ ಆಫೀಸಿನಿಂದ ವಿಡಿಯೊ ಕಾಲ್ ಮಾಡಿದಾಗ ಎರಡನೇ ರಿಂಗಿಗೆ ಎತ್ತಬೇಕು. ಗೇಟಿನಿಂದ ಸೆಕ್ಯುರಿಟಿಯವರ ಕರೆಗೂ ಉತ್ತರಿಸಬೇಕು. ಅಂದರೆ ಆ ಮನೆಯೊಳಗೆ ಚಿಕ್ಕಮ್ಮನ ಮೊಬೈಲ್ ಅವರ ಸ್ವಂತ ವಸ್ತು ಹೌದು, ಜೊತೆಗೆ ಕೆಲಸದ ಸಲಕರಣೆಯೂ ಹೌದು. ಆ ಸಲಕರಣೆಯನ್ನು ಕೊಂಡವರು, ರೀಚಾರ್ಜ್ ಮಾಡಿಸುವವರು ಎಲ್ಲ ಅವರೇ. ಮಗುವಿನ ತಂದೆ–ತಾಯಿ ಐಟಿ ಕಂಪನಿಯಲ್ಲಿದ್ದಾರೆ. ಅವರ ಲ್ಯಾಪ್‌ಟಾಪ್ ಕಂಪನಿ ಕೊಟ್ಟದ್ದು. ಕೆಲಸದ ನಡುವೆ ಅದು ಕೆಟ್ಟರೆ ರಿಪೇರಿ ಮಾಡಿಸುವುದು ಕಂಪನಿ. ಐಟಿಪಿಎಲ್ ಗೇಟಿನೊಳಗೆ ಸಹಜ ಅನ್ನಿಸುವ ನಿಯಮ ಅಪಾರ್ಟ್‌ಮೆಂಟ್ ಗೇಟಿನೊಳಗೆ ವಿಚಿತ್ರ ಅನ್ನಿಸುವುದು ಏಕೆ?

ಕಾನೂನು ಏನು ಹೇಳುತ್ತದೆ ಎಂದು ನೋಡಿದೆ. ಎರಡೂವರೆ ವರ್ಷದ ಮಗುವನ್ನು ಹೊಣೆ ಮಾಡುವ ಪ್ರಶ್ನೆಯೇ ಇಲ್ಲ. ನಮ್ಮಲ್ಲಿ ಮಗು ಮಾಡಿದ ನಷ್ಟಕ್ಕೆ ತಂದೆ–ತಾಯಿ ತಂತಾನೆ ಹೊಣೆಯಾಗುವುದೂ ಇಲ್ಲ, ನೋಡಿಕೊಳ್ಳುವುದರಲ್ಲಿ ಅವರ ನಿರ್ಲಕ್ಷ್ಯ ಇತ್ತೆಂದು ತೋರಿಸಬೇಕು. ಇಲ್ಲೇ ಇರುವುದು ತಮಾಷೆ. ಆ ಹೊತ್ತಿನಲ್ಲಿ ಮಗುವನ್ನು ನೋಡಿಕೊಳ್ಳುತ್ತಿದ್ದವರು ಯಾರು? ಆಯಾ. ಹೀಗೆ ನಷ್ಟ ಅನುಭವಿಸಿದವರ ತಲೆಗೇ ತಪ್ಪೂ ಬಂದು ಕೂರುತ್ತದೆ. ಇನ್ನು ಮೂರು–ನಾಲ್ಕು ಸಾವಿರದ ರಿಪೇರಿ ಬಿಲ್ಲು ಹಿಡಿದು ಕೋರ್ಟಿಗೆ ಹೋಗುವವರು ಯಾರು?

ಪೀಣ್ಯದ ಕಾರ್ಖಾನೆಯ ಕಾರ್ಮಿಕನ ಸ್ಥಿತಿ ಕಾಗದದ ಮೇಲಾದರೂ ಇದಕ್ಕಿಂತ ಮೇಲು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ವೇತನ ಸಂಹಿತೆ (ಅದಕ್ಕೂ ಮೊದಲು 1936ರ ವೇತನ ಪಾವತಿ ಕಾಯ್ದೆ) ಪ್ರಕಾರ, ವಸ್ತು ಹಾಳಾಯಿತೆಂದು ಸಂಬಳ ಕಡಿತ ಮಾಡಬೇಕಾದರೆ ಆ ವಸ್ತುವನ್ನು ಅವನ ಸುಪರ್ದಿಗೆ ಕೊಟ್ಟಿರಬೇಕು, ನಷ್ಟ ಅವನ ನಿರ್ಲಕ್ಷ್ಯದಿಂದಲೇ ಆಗಿರಬೇಕು, ಕಡಿತಕ್ಕೆ ಮುಂಚೆ ಅವನ ಮಾತು ಕೇಳಬೇಕು. ಕಡಿತ ನಷ್ಟದ ಮೊತ್ತವನ್ನು ಮೀರುವಂತಿಲ್ಲ. ಮನೆಗೆಲಸದ ಜಗತ್ತು ಈ ಲೆಕ್ಕದಿಂದ ದೂರವೇ ಉಳಿದಿದೆ. ಜೊತೆಗೇ ಜಾರಿಯಾದ ಕೈಗಾರಿಕಾ ಸಂಬಂಧ ಸಂಹಿತೆಯಂತೂ ‘ಕೈಗಾರಿಕೆ’ ಎಂಬ ಪದದ ವ್ಯಾಖ್ಯೆಯಿಂದ ಮನೆಗೆಲಸವನ್ನು ಹೆಸರು ಹೇಳಿಯೇ ಹೊರಗಿಟ್ಟಿದೆ.

ಹಾಗಂತ ಕರ್ನಾಟಕ ಈ ವಿಷಯದಲ್ಲಿ ಹಿಂದುಳಿದ ರಾಜ್ಯವಲ್ಲ. 2004ರಲ್ಲೇ ಮನೆಗೆಲಸದವರಿಗೆ ಕನಿಷ್ಠ ವೇತನ ಗೊತ್ತುಮಾಡಿದೆ. ಕೇಂದ್ರದ್ದೇ ಸಮಸ್ಯೆ. ಮನೆಗೆಲಸದವರ ಹಕ್ಕುಗಳ ಕುರಿತ 2011ರ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 189ನೇ ಒಡಂಬಡಿಕೆಗೆ ಭಾರತ ಇನ್ನೂ ಅಂಗೀಕಾರದ ಮುದ್ರೆ ಒತ್ತಿಲ್ಲ. ಇವರಿಗಾಗಿ ಕಾನೂನಿನ ಚೌಕಟ್ಟು ಬೇಕೇ ಎಂದು ಪರಿಶೀಲಿಸಲು ಸಮಿತಿ ರಚಿಸಿ ಎಂದು 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟೇ ಹೇಳಬೇಕಾಯಿತು.

ನಮ್ಮ ಟೆಕ್ಕಿಗಳು ದಿನವೂ ಮೀಟಿಂಗ್ ಮಾಡುವ ಕ್ಯಾಲಿಫೋರ್ನಿಯಾದಲ್ಲಿ ಏನಿದೆ ನೋಡಿ. ಕೆಲಸದ ನೇರ ಪರಿಣಾಮವಾಗಿ ನೌಕರನಿಗಾದ ಅಗತ್ಯ ಖರ್ಚು, ನಷ್ಟವನ್ನು ಮಾಲೀಕನೇ ತುಂಬಿಕೊಡಬೇಕು ಎನ್ನುತ್ತದೆ ಅಲ್ಲಿನ ಕಾರ್ಮಿಕ ಸಂಹಿತೆಯ 2802ನೇ ಸೆಕ್ಷನ್. ಸ್ವಂತ ಮೊಬೈಲನ್ನು ಕೆಲಸಕ್ಕೆ ಬಳಸಲೇಬೇಕಾದರೆ ಬಿಲ್ಲಿನ ನ್ಯಾಯವಾದ ಪಾಲನ್ನು ಕೊಡಬೇಕೆಂದು ಅಲ್ಲಿನ ಮೇಲ್ಮನವಿ ನ್ಯಾಯಾಲಯ 2014ರಲ್ಲಿ ಹೇಳಿದೆ. ಜರ್ಮನಿಯಲ್ಲಿ ಏಳು ವರ್ಷದೊಳಗಿನ ಮಗುವಿಗೆ ಹೊಣೆಯಿಲ್ಲ. ಆದರೆ ಇಂಥ ನಷ್ಟಕ್ಕೆಂದೇ ಕುಟುಂಬಗಳು ವಿಮೆ ಮಾಡಿಸಿಕೊಳ್ಳುವುದು ಅಲ್ಲಿ ಸಾಮಾನ್ಯ.

ಮಾಲೀಕರ ಕಡೆಯ ಮಾತನ್ನೂ ಕೇಳಬೇಕು. ಅವರೂ ಫ್ಲ್ಯಾಟಿನ ಇಎಂಐ ಕಟ್ಟುವವರೇ. ಆಯಾ ರೀಲ್ಸ್ ನೋಡುತ್ತಾ ಕೂತು, ಅಳುವ ಮಗುವಿಗೆ ತಾನೇ ಫೋನ್ ಕೊಟ್ಟು, ಅದು ಒಡೆದರೆ? ಅದನ್ನು ಮಾಲೀಕರು ಕಟ್ಟಬೇಕು ಎನ್ನಲಾರೆ. ಚಿನ್ನದ ಸರ ಹಾಕಿಕೊಂಡು ಬಂದು ಮಗು ಎಳೆದು ತುಂಡಾದರೆ ಅದೂ ಪೂರ್ತಿ ಅವರ ಹೊರೆ ಅಲ್ಲ. ಆದರೆ ಫೋನು, ಕನ್ನಡಕ, ಮೈಮೇಲಿನ ಬಟ್ಟೆ, ಚಪ್ಪಲಿ ಇಲ್ಲದೆ ಯಾರೂ ಕೆಲಸಕ್ಕೆ ಬರಲಾರರು. ಮಗು ಎಳೆಯುವುದು, ಎಸೆಯುವುದು, ಕಚ್ಚುವುದು ಆ ಕೆಲಸದಲ್ಲೇ ಇರುವಂಥದ್ದು. ಅದರ ಖರ್ಚು ಮಗುವಿನ ಹಾಲು, ಡೈಪರ್ ಖರ್ಚಿನ ಸಾಲಿಗೆ ಸೇರಬೇಕು. ಇನ್ನೊಂದು ಸಣ್ಣ ವಿಷಯ: ನಾನು ಕಂಡ ಮನೆಗಳಲ್ಲಿ ಕೆಲಸದವರ ಬ್ಯಾಗಿಗೆ ಇರುವ ಜಾಗ ಬಾಗಿಲ ಬಳಿಯ ಚಪ್ಪಲಿ ಸ್ಟ್ಯಾಂಡಿನ ಪಕ್ಕದ ನೆಲ. ಎರಡು ವರ್ಷದ ಮಗುವಿನ ಕೈಗೆ ಸರಿಯಾಗಿ ಎಟಕುವ ಎತ್ತರ ಅದೇ! ಮೇಲಿಡಿ ಎನ್ನುವವರು ಮೊದಲು ಮೇಲೊಂದು ಜಾಗ ತೋರಿಸಬೇಕಲ್ಲವೇ?

ಚಿಕ್ಕಮ್ಮನಿಗೆ ಕೊನೆಗೆ ಸಿಕ್ಕಿದ್ದು ಆ ಮನೆಯ ಡ್ರಾಯರಿನಲ್ಲಿದ್ದ, ಗಾಜು ಸೀಳಿದ ಹಳೆಯ ಫೋನು. ‘ಪಾಪ, ಕೊಟ್ಟರಲ್ಲ’ ಎಂದು ಅವರಿಗೆ ಸಮಾಧಾನ. ನನಗೆ ಸಿಟ್ಟು ಬಂದದ್ದು ಅಲ್ಲೇ. ಬಾಕಿ ಇದ್ದದ್ದು ಉಪಕಾರದ ರೂಪದಲ್ಲಿ ಬಂತು. ಉಪಕಾರ ಪಡೆದವರು ಮುಂದಿನ ತಿಂಗಳು ಸಂಬಳ ಹೆಚ್ಚಿಸಿ ಎಂದು ಕೇಳುವುದು ಹೇಗೆ?

ಬಿ.ಎ., ಬಿ.ಕಾಂ. ಓದುತ್ತಾ ಅಪಾರ್ಟ್‌ಮೆಂಟ್‌ಗಳಲ್ಲಿ ಸಂಜೆ ಹೊತ್ತು ಮಕ್ಕಳನ್ನು ನೋಡಿಕೊಳ್ಳುವ, ಡೇ ಕೇರ್‌ಗಳಲ್ಲಿ ಪಾರ್ಟ್‌ಟೈಮ್ ದುಡಿಯುವ ಗೆಳತಿಯರು ನನಗಿದ್ದಾರೆ. ಚಿಕ್ಕಮ್ಮ ಕೇಳಲು ಹಿಂಜರಿದದ್ದನ್ನು ಇವರು ಸೇರುವ ದಿನವೇ ಕೇಳಬಹುದು. ಏಜೆನ್ಸಿಯೊಂದು ಚಿಕ್ಕಮ್ಮನ ಗೆಳತಿಯಿಂದ ಸಹಿ ಹಾಕಿಸಿಕೊಂಡ ಕಾಗದ ಓದಿದ್ದೇನೆ. ರಜೆ, ಕಮಿಷನ್, ಬದಲಿ ಆಯಾ ಎಲ್ಲ ಇತ್ತು, ಇದೊಂದು ಇರಲಿಲ್ಲ. ಕರಡು ಕಾನೂನಾಗಿ ಲಿಖಿತ ಒಪ್ಪಂದ ಬಂದರೆ ಅದರಲ್ಲಿ ನಾಲ್ಕು ಸಾಲು ಸೇರಿಸಲು ಕಷ್ಟವೇನಿಲ್ಲ. ಕೆಲಸಕ್ಕೆ ಬೇಕಾದ ವಸ್ತುವನ್ನು ಮಗು ಹಾಳು ಮಾಡಿದರೆ ರಿಪೇರಿ ಖರ್ಚು ಮನೆಯವರದು, ಬಿಲ್ಲು ಕೊಟ್ಟ ತಿಂಗಳ ಸಂಬಳದ ಜೊತೆಗೇ ಕೊಡಬೇಕು. ಬ್ಯಾಗ್ ಇಡಲು ಬಾಗಿಲಿರುವ ಒಂದು ಕಪಾಟು. ಬೆಲೆಬಾಳುವ ಆಭರಣ ತಂದರೆ ಹೊಣೆ ತಂದವರದು. ಮನೆಯವರ ಪಾತ್ರೆ ಒಡೆದರೆ, ಕೇಳದೆ ಸಂಬಳ ಕಡಿಯುವಂತಿಲ್ಲ.