ಬೇಕು, ಸಾಕು ಮತ್ತು ಪುಟ್ಟ ಕೈಗಳು



ಈಚೆಗೆ ಸಂಘದ ಕಾರ್ಯಕ್ರಮಗಳಿಗೆ ಬಂದರೆ ಸಭಾಂಗಣದ ಹಿಂದಿನ ಸಾಲುಗಳಲ್ಲಿ ಮಕ್ಕಳ ತಳ್ಳುಗಾಡಿಗಳೇ ಕಾಣುತ್ತವೆ. ನಮ್ಮ ಕಣ್ಣೆದುರು ಕೋಲಾಟ ಆಡಿದ ಹುಡುಗಿಯರು ಈಗ ತಾಯಂದಿರು! ಅವರಲ್ಲಿ ಇಬ್ಬರು ಮೂವರು ನನ್ನನ್ನು ಒಂದೇ ಪ್ರಶ್ನೆ ಕೇಳಿದರು: "ಆಂಟಿ, ಮಗುವಿಗೆ ಬೇಬಿ ಸೈನ್ ಕಲಿಸಬಹುದಾ? ಮಾತು ತಡ ಆಗಲ್ವಾ? ಮೊದಲೇ ನಮ್ಮ ಮನೇಲಿ ಕನ್ನಡ, ಬಾಯಿಯ ಮರಾಠಿ, ಲಿಫ್ಟಿನಲ್ಲಿ ಹಿಂದಿ, ಅದರ ಮೇಲೆ ಇದು ಬೇರೆ." ಹಾಗಾಗಿ ಈ ತಿಂಗಳು ಅದೇ ವಿಷಯ.

ಕಿವಿ ಚೆನ್ನಾಗಿ ಕೇಳಿಸುವ, ಆದರೆ ಇನ್ನೂ ಮಾತು ಬಾರದ ಕೂಸಿಗೆ ನಾಲ್ಕಾರು ಕೈಸನ್ನೆ ಕಲಿಸುವುದಕ್ಕೆ ಬೇಬಿ ಸೈನ್ ಎನ್ನುತ್ತಾರೆ. ಇದರ ಹಿಂದಿನ ಕಾರಣ ಸರಳ. ಮಾತಾಡಲು ನಾಲಿಗೆ, ತುಟಿ, ಉಸಿರು ಎಲ್ಲವೂ ಒಟ್ಟಿಗೆ ಹದಕ್ಕೆ ಬರಬೇಕು. ಕೈ ಅದಕ್ಕಿಂತ ಬೇಗ ಹತೋಟಿಗೆ ಬರುತ್ತದೆ. ಒಂಬತ್ತು ತಿಂಗಳ ಹೊತ್ತಿಗೆ ಟಾಟಾ ಮಾಡುವ ಮಗು ಮೊದಲ ಮಾತು ಆಡುವುದು ಸಾಮಾನ್ಯವಾಗಿ ವರ್ಷದ ಆಸುಪಾಸಿನಲ್ಲಿ. ಹತ್ತಿಪ್ಪತ್ತು ಶಬ್ದ ಸೇರಲು ಇನ್ನೂ ಕೆಲವು ತಿಂಗಳು ಬೇಕು. ಈ ನಡುವೆ ಅದಕ್ಕೆ ಎಲ್ಲ ಅರ್ಥವಾಗುತ್ತಿರುತ್ತದೆ, ಹೇಳಲು ಮಾತ್ರ ಆಗುವುದಿಲ್ಲ. ಆಗ ಉಳಿಯುವುದು ಅಳು ಒಂದೇ.

"ಇದೇನು ಹೊಸದು, ನಮ್ಮ ಅಜ್ಜಿಯರು ಮಾಡಲಿಲ್ಲವೇ?" ಎಂದು ನಿಮ್ಮ ಅಮ್ಮಂದಿರು ಕೇಳಿಯಾರು. ಅರ್ಧ ನಿಜ. ಚಪ್ಪಾಳೆ ತಟ್ಟು, ಚಾಮಿಗೆ ಕೈ ಮುಗಿ, ಚಂದಮಾಮನನ್ನು ಕರಿ, ತಾರಮ್ಮಯ್ಯ ಆಡು ಎಂದು ಕೈ ತಿರುಗಿಸಲು ಕಲಿಸಿದವರು ಅವರೇ. ಆದರೆ ಗಮನಿಸಿ, ಅವೆಲ್ಲ ನಾವು ಹೇಳಿದಾಗ ಮಗು ಮಾಡಿ ತೋರಿಸುವಂಥವು. ಬಂದವರ ಮುಂದೆ ಒಂದು ಪ್ರದರ್ಶನ! ತನಗೆ ಏನು ಬೇಕೆಂದು ಮಗುವೇ ಕೇಳಲು ಒಂದು ಸನ್ನೆ ಕೊಡುವುದು ಬೇರೆ.

ಈ ವ್ಯತ್ಯಾಸವನ್ನು ಮೊದಲು ಕಂಡವರಲ್ಲಿ ಒಬ್ಬರು ಲಿಂಡಾ ಅಕ್ರೆಡೋಲೋ, ಅಮೆರಿಕದ ಡೇವಿಸ್‌ನಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞೆ. 1980ರ ದಶಕದ ಆರಂಭದಲ್ಲಿ ಅವರ ಒಂದು ವರ್ಷದ ಮಗಳು ಹೂವು ಕಂಡಾಗಲೆಲ್ಲ ಮೂಗು ಸುಕ್ಕಿಸಿ ಮೂಸುತ್ತಿದ್ದಳು. ಮೀನು ಕಂಡರೆ ಬಾಯಿಯಿಂದ ಗಾಳಿ ಊದುತ್ತಿದ್ದಳು. ಮೀನಿಗೂ ಊದುವುದಕ್ಕೂ ಏನು ಸಂಬಂಧ? ತೊಟ್ಟಿಲ ಮೇಲೆ ತೂಗುಹಾಕಿದ್ದ ಮೀನಿನ ಬೊಂಬೆಗಳನ್ನು ಅಲ್ಲಾಡಿಸಲು ತಾಯಿ ದಿನಾ ಊದುತ್ತಿದ್ದರಂತೆ! ಯಾರೂ ಕಲಿಸದೆಯೇ ಮಗು ತನ್ನ ಶಬ್ದಕೋಶ ಮಾಡಿಕೊಂಡಿತ್ತು. ಅಕ್ರೆಡೋಲೋ ಮತ್ತು ಅವರ ಸಹೋದ್ಯೋಗಿ ಸೂಸನ್ ಗುಡ್ವಿನ್ ಈ ಜಾಡು ಹಿಡಿದು ವರ್ಷಗಟ್ಟಲೆ ಸಂಶೋಧನೆ ಮಾಡಿ 1996ರಲ್ಲಿ 'ಬೇಬಿ ಸೈನ್ಸ್' ಎಂಬ ಪುಸ್ತಕ ಬರೆದರು. ಆಮೇಲೆ ಅದು ದೊಡ್ಡ ವ್ಯಾಪಾರವೂ ಆಯಿತು: ತರಗತಿ, ವಿಡಿಯೋ, ಬಣ್ಣದ ಕಾರ್ಡು. 2004ರ 'ಮೀಟ್ ದ ಫಾಕರ್ಸ್' ಸಿನಿಮಾದಲ್ಲೂ ಒಂದು ಕೂಸು ಸನ್ನೆ ಮಾಡುತ್ತದೆ.

ಈಗ ನಿಮ್ಮ ಪ್ರಶ್ನೆಗೆ ಬರೋಣ. ಮಾತು ತಡವಾಗುತ್ತದೆ ಎಂಬುದಕ್ಕೆ ಆಧಾರ ಸಿಕ್ಕಿಲ್ಲ. ಹಾಗೆಯೇ ಮಗು ಬುದ್ಧಿವಂತ ಆಗುತ್ತದೆ, ಬೇಗ ಮಾತಾಡುತ್ತದೆ ಎಂದು ಜಾಹೀರಾತಿನವರು ಹೇಳುವುದನ್ನೂ ಪೂರ್ತಿ ನಂಬಬೇಡಿ. ಅಕ್ರೆಡೋಲೋ ಮತ್ತು ಗುಡ್ವಿನ್ 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸನ್ನೆ ಕಲಿತ ಮಕ್ಕಳು ಮಾತಿನಲ್ಲಿ ಸ್ವಲ್ಪ ಮುಂದಿದ್ದರು. ಇಂಗ್ಲೆಂಡಿನ ಹರ್ಟ್‌ಫರ್ಡ್‌ಶೈರ್ ವಿಶ್ವವಿದ್ಯಾಲಯದ ಎಲಿಜಬೆತ್ ಕರ್ಕ್ ಮತ್ತು ಸಂಗಡಿಗರು 40 ಮಕ್ಕಳನ್ನು ಎಂಟರಿಂದ ಇಪ್ಪತ್ತು ತಿಂಗಳವರೆಗೆ ಗಮನಿಸಿ 2013ರಲ್ಲಿ ಬರೆದಾಗ ಅಂಥ ಲಾಭವೇನೂ ಕಾಣಲಿಲ್ಲ. ಬದಲಾವಣೆ ಕಂಡದ್ದು ತಾಯಂದಿರಲ್ಲಿ! ಸನ್ನೆ ಕಲಿಸಿದ ತಾಯಂದಿರು ಮಗುವಿನ ಮುಖ, ಕೈ, ನೋಟಗಳನ್ನು ಹೆಚ್ಚು ಗಮನಿಸಿ ಸ್ಪಂದಿಸುತ್ತಿದ್ದರು. ನನಗೆ ಇದೇ ದೊಡ್ಡ ಲಾಭ ಎನಿಸುತ್ತದೆ. ಒಂದು ಕೈಯಲ್ಲಿ ಮೊಬೈಲ್ ಹಿಡಿದು ಇನ್ನೊಂದು ಕೈಯಲ್ಲಿ ಉಣ್ಣಿಸುವವರಿಗೆ ಮಗುವಿನ ಕೈ ಹೇಗೆ ಕಂಡೀತು, ಹೇಳಿ. (ಕೋಪ ಮಾಡಿಕೊಳ್ಳಬೇಡಿ, ನನ್ನ ಮಗಳಿಗೂ ಇದನ್ನೇ ಹೇಳುತ್ತೇನೆ.)

ಕಲಿಸುವುದಕ್ಕೆ ತರಗತಿ ಬೇಡ, ದುಡ್ಡು ದಂಡ. ಎಂಟು ತಿಂಗಳಿನ ಸುಮಾರಿಗೆ ಮೂರು ನಾಲ್ಕು ಸನ್ನೆ ಸಾಕು. ಹಾಲಿಗೆ ಮುಷ್ಟಿ ಹಿಸುಕಿ ಬಿಡುವುದು, ಹಸುವಿನ ಹಾಲು ಕರೆದಂತೆ. ಊಟಕ್ಕೆ ಬೆರಳು ಕೂಡಿಸಿ ಬಾಯಿಗೆ. ಇನ್ನೂ ಬೇಕು ಎನ್ನಲು ಎರಡೂ ಕೈಯ ಬೆರಳ ತುದಿಗಳನ್ನು ಕೂಡಿಸಿ ಒಂದಕ್ಕೊಂದು ತಟ್ಟುವುದು. ಸಾಕು ಎನ್ನಲು ಎರಡು ಅಂಗೈಗಳನ್ನೂ ತಿರುಗಿಸುವುದು, ಹೆಚ್ಚು ಕಡಿಮೆ ನಮ್ಮ ತಾರಮ್ಮಯ್ಯನೇ. ನೀರಿಗೆ ಹೆಬ್ಬೆರಳನ್ನು ಬಾಯಿಯತ್ತ ತೋರಿಸುವ ನಮ್ಮ ಸನ್ನೆಯೇ ಇದೆ. ಅದಕ್ಕೆ ಇನ್ನೊಂದು ಅರ್ಥವೂ ಇರುವುದು ಮಗುವಿಗೆ ಗೊತ್ತಿಲ್ಲ ಬಿಡಿ. ಪ್ರತಿ ಸಲ ಆ ವಸ್ತು ಎದುರಿಗಿರುವಾಗಲೇ ಮಾಡಿ ತೋರಿಸಿ. ಮಗು ತಿರುಗಿ ಮಾಡಲು ವಾರಗಳು, ಕೆಲವೊಮ್ಮೆ ಒಂದೆರಡು ತಿಂಗಳೇ ಹಿಡಿದೀತು. ಅದರ ಕೈ ಹಿಡಿದು ಬಲವಂತವಾಗಿ ಮಾಡಿಸಬೇಡಿ, ಸರಿಯಾಗಿ ಮಾಡಲಿಲ್ಲವೆಂದು ತಿದ್ದಲೂ ಬೇಡಿ.

ಸನ್ನೆಯನ್ನು ಎಂದೂ ಮೌನವಾಗಿ ಮಾಡಬೇಡಿ. ಬಾಯಿಂದ ಮಾತೂ ಬರಬೇಕು, ಅದು ಕನ್ನಡದಲ್ಲಿರಬೇಕು. ಯಾಕೆಂದರೆ ಮಾತು ಬಂದ ಮೇಲೆ ಸನ್ನೆ ತಾನಾಗಿ ಉದುರಿ ಹೋಗುತ್ತದೆ, ಅದರ ಜಾಗಕ್ಕೆ ಬರುವುದು ನೀವು ಜೊತೆಗೆ ಆಡುತ್ತಿದ್ದ ಶಬ್ದ. ಬೆರಳು ತಟ್ಟುತ್ತಾ "ಮೋರ್" ಎಂದರೆ ಆ ಜಾಗದಲ್ಲಿ "ಮೋರ್" ಬಂದು ಕೂರುತ್ತದೆ. "ಬೇಕಾ? ಇನ್ನೂ ಬೇಕಾ?" ಎಂದರೆ "ಬೇಕು" ಬರುತ್ತದೆ. ಬೇಕು, ಸಾಕು: ಇಷ್ಟು ಚಿಕ್ಕ, ಇಷ್ಟು ಹೊಂದುವ ಜೋಡಿ ನಮ್ಮ ಭಾಷೆಯಲ್ಲಿ ಸಿದ್ಧವಾಗಿಯೇ ಇದೆ. ನರ್ಸರಿಗೆ ಹೋದ ಮೇಲೆ ಕನ್ನಡ ಕಲಿಸುತ್ತೇವೆ ಎಂದುಕೊಂಡವರ ಮನೆಗಳನ್ನು ಈ ಊರಿನಲ್ಲಿ ಬಹಳ ನೋಡಿದ್ದೇನೆ. ಅಷ್ಟರಲ್ಲಿ ಮಗು ಇಂಗ್ಲಿಷಿನಲ್ಲಿ ಉತ್ತರ ಕೊಡಲು ಶುರು ಮಾಡಿರುತ್ತದೆ, ಅಜ್ಜಿ ಫೋನಿನಲ್ಲಿ ಸುಮ್ಮನೆ ನಗುತ್ತಿರುತ್ತಾರೆ.

ಬಾಯಿ ಅದೇ ಸನ್ನೆಗೆ "ಹವಂ", "ಪುರೇ" ಎಂದರೆ ಎನ್ನಲಿ, ತಡೆಯಬೇಡಿ. ಎರಡು ಭಾಷೆ ಕೇಳಿ ಮಗು ಗೊಂದಲಗೊಂಡು ಮಾತು ನಿಲ್ಲಿಸುತ್ತದೆ ಎಂಬುದು ಬರೀ ಹೆದರಿಕೆ. ನನ್ನ ಮೊಮ್ಮಗಳಿಗೆ ಹನ್ನೊಂದು ತಿಂಗಳಾಗಿದ್ದಾಗ ಗಣಪತಿ ಮೆರವಣಿಗೆಯ ಡೋಲು ನಮ್ಮ ಬೀದಿ ದಾಟಿ ಹೋಯಿತು. ಬಾಲ್ಕನಿಯಲ್ಲಿ ನನ್ನ ಸೊಂಟದ ಮೇಲಿದ್ದವಳು ಬೀದಿಯ ತಿರುವನ್ನೇ ನೋಡುತ್ತಾ ಬೆರಳು ತಟ್ಟಿದಳು. ಇನ್ನೂ ಬೇಕಂತೆ, ಡೋಲು! ಅನ್ನ-ಹಾಲಿಗೆಂದು ಕಲಿಸಿದ್ದನ್ನು ಅವಳು ಬೇರೆಲ್ಲೋ ಬಳಸಿದಳಲ್ಲ.

ಇನ್ನೆರಡು ಮಾತು. ಸನ್ನೆ ಮಾಡುತ್ತಾನೆಂದು ಮಾತಿನ ಕಡೆ ಅಲಕ್ಷ್ಯ ಬೇಡ. ಶಬ್ದ ಬಂದತ್ತ ಮಗು ತಿರುಗದಿದ್ದರೆ, ವರ್ಷವಾದರೂ ಬಾ-ಬಾ, ದಾ-ದಾ ಎಂದು ತೊದಲದಿದ್ದರೆ, ಬೆರಳು ಮಾಡಿ ತೋರಿಸದಿದ್ದರೆ, ಕಿವಿ ಪರೀಕ್ಷೆ ಮಾಡಿಸಿ. "ಅವರಪ್ಪನೂ ತಡವಾಗಿ ಮಾತಾಡಿದ್ದು" ಎಂದು ಕಾಯಬೇಡಿ. ಮುಂಬಯಿಯ ಬಾಂದ್ರಾದಲ್ಲಿ ಅಲಿ ಯಾವರ್ ಜಂಗ್ ರಾಷ್ಟ್ರೀಯ ಸಂಸ್ಥೆ ಇದೆ. ಊರ ಕಡೆಯವರಾದರೆ ಮೈಸೂರಿನಲ್ಲಿ 1965ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ.

ಮತ್ತೊಂದು, ಈ ನಾಲ್ಕು ಸನ್ನೆ ಕಲಿತು ಸನ್ನೆ ಭಾಷೆ ಬಂತು ಎನ್ನಬೇಡಿ. ಕಿವುಡರ ಸನ್ನೆ ಭಾಷೆ ತನ್ನದೇ ವ್ಯಾಕರಣವುಳ್ಳ ಪೂರ್ಣ ಭಾಷೆ. 1880ರಲ್ಲಿ ಮಿಲಾನಿನಲ್ಲಿ ಸೇರಿದ ಶಿಕ್ಷಕರ ಸಮ್ಮೇಳನ ಅದನ್ನು ಕಿವುಡು ಮಕ್ಕಳ ಶಾಲೆಗಳಿಂದಲೇ ಹೊರಗಿಡಬೇಕೆಂದು ನಿರ್ಣಯ ಮಾಡಿತು. ಆ ನಿರ್ಣಯವನ್ನು ತಿರಸ್ಕರಿಸಿದ್ದು 2010ರಲ್ಲಿ, ವ್ಯಾಂಕೂವರಿನಲ್ಲಿ. ಕೈ ಆಡಿಸಿದರೆ ಮಾತು ಕಲಿಯುವುದಿಲ್ಲ ಎಂದು ಆ ಮಕ್ಕಳ ಕೈ ಕಟ್ಟಿದ್ದ ಲೋಕ ಈಗ ಕಿವಿ ಕೇಳುವ ಮಕ್ಕಳಿಗೆ ಅದನ್ನೇ ಫೀಸು ತೆಗೆದುಕೊಂಡು ಕಲಿಸುತ್ತಿದೆ! ನಮ್ಮ ದೇಶದಲ್ಲಿ ಭಾರತೀಯ ಸನ್ನೆ ಭಾಷೆಗೆಂದು ದೆಹಲಿಯಲ್ಲಿ ಕೇಂದ್ರ ಆರಂಭವಾದದ್ದು 2015ರಲ್ಲಿ. ಅದರ ಮೊದಲ ನಿಘಂಟು 2018ರಲ್ಲಿ ಬಂತು.

ನಿಮ್ಮ ಮನೆಯ ಕೂಸಿನ ಸನ್ನೆಗಳನ್ನು ನನಗೆ ಬರೆದು ಕಳಿಸಿ. ಜೊತೆಗೆ ಮಮ್ಮು, ತಾಚಿಯಂಥ ಮಕ್ಕಳ ಮಾತುಗಳನ್ನೂ ಕಳಿಸಿ. ಧಾರವಾಡದವರ ಮನೆಯಲ್ಲಿ ಒಂದು, ಮಂಗಳೂರಿನವರಲ್ಲಿ ಇನ್ನೊಂದು ಇರುತ್ತದೆ. ನಿಮಗೆ ನೆನಪಿಲ್ಲದಿದ್ದರೆ ಅಜ್ಜಿಗೆ ಫೋನು ಮಾಡಿ ಕೇಳಿ. ಬಂದದ್ದನ್ನೆಲ್ಲ ಮುಂದಿನ ಸಂಚಿಕೆಯಲ್ಲಿ ಹಾಕೋಣ.