ಬದಲಿಸಲಾಗದ ಬೆರಳು, ಬದಲಿಸಬಹುದಾದ ಪಡಿಯಚ್ಚು

ಕೀಲಿಕೈ ಕಳೆದರೆ ಬೀಗವನ್ನು ಬದಲಿಸಬಹುದು. ಬೆರಳಚ್ಚು ಕಳುವಾದರೆ ಬೆರಳನ್ನು ಬದಲಿಸುವುದು ಯಾರಿಂದಲೂ ಆಗದು. 2015ರಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನದ ಸಿಬ್ಬಂದಿ ನಿರ್ವಹಣಾ ಕಚೇರಿಯ ಗಣಕಗಳಿಂದ ಸುಮಾರು 56 ಲಕ್ಷ ಜನರ ಬೆರಳಚ್ಚುಗಳು ಅಪಹೃತವಾದುವೆಂದು ಆ ಕಚೇರಿಯೇ ಒಪ್ಪಿಕೊಂಡಿತು. ಆ ನಷ್ಟವು ಅವರ ಜೀವಮಾನಪರ್ಯಂತ ಉಳಿಯತಕ್ಕದ್ದು.

ಇದಕ್ಕೆ ಉಪಾಯವಿಲ್ಲದಿಲ್ಲ. 2001ರಲ್ಲಿಯೇ ಐಬಿಎಂ ಸಂಸ್ಥೆಯ ರಥ, ಕಾನೆಲ್, ಬೊಲೆ ಎಂಬ ವಿದ್ವಾಂಸರು ಅದನ್ನು ಪ್ರತಿಪಾದಿಸಿದರು. ಬೆರಳಚ್ಚಿನ ಲಕ್ಷಣಗಳನ್ನು ಇದ್ದಂತೆಯೇ ಸಂಗ್ರಹಿಸದೆ, ಒಂದು ಸೂತ್ರಕ್ಕೆ ಅನುಸಾರವಾಗಿ ರೂಪಾಂತರಿಸಿ, ಆ ಪಡಿಯಚ್ಚನ್ನು ಮಾತ್ರ ಇರಿಸುವುದು. ಪ್ರತಿಸಲ ಒತ್ತಿದ ಬೆರಳಿಗೂ ಅದೇ ಸೂತ್ರವನ್ನು ಅನ್ವಯಿಸಿ ಎರಡನ್ನೂ ತಾಳೆನೋಡುವುದು. ಕಳುವಾದಲ್ಲಿ ಹಳೆಯ ಪಡಿಯಚ್ಚನ್ನು ರದ್ದುಮಾಡಿ, ಬೇರೊಂದು ಸೂತ್ರದಿಂದ ಹೊಸತನ್ನು ಸಿದ್ಧಗೊಳಿಸಬಹುದು. ಸಂಸ್ಥೆಗೊಂದು ಸೂತ್ರವಿದ್ದರೆ ಒಂದೆಡೆಯ ಅಚ್ಚನ್ನು ಮತ್ತೊಂದೆಡೆಯದರೊಡನೆ ಹೊಂದಿಸುವುದೂ ಕಠಿನ. ಆದರೆ ಪಡಿಯಚ್ಚಿನಿಂದ ಮೂಲವನ್ನು ಮರಳಿ ಪಡೆಯಲು ಬಾರದಂತಿರಬೇಕು. ರೂಪಾಂತರವು ಮಿತಿಮೀರಿದರೆ ಯಂತ್ರವು ನಿಜವಾದ ವ್ಯಕ್ತಿಯನ್ನೇ ಗುರುತಿಸದೆ ಹೋಗಬಹುದು.

ಹಾಜರಿಗಾಗಿ ಬೆರಳೊತ್ತುವ ಯಂತ್ರಗಳು ಇಂದು ಶಾಲೆಗಳಿಗೂ ಬಂದಿವೆ. ಅಂಥದನ್ನು ದಾನವಾಗಿ ನೀಡುವ ಮಹನೀಯರೂ ಸ್ವೀಕರಿಸುವ ಉಪಾಧ್ಯಾಯರೂ ಬೆಲೆಯನ್ನು ವಿಚಾರಿಸುವ ಮುನ್ನ, "ಇದರಲ್ಲಿ ಉಳಿಯುವುದು ಮೂಲವೋ, ರದ್ದಾಗಬಲ್ಲ ಪಡಿಯಚ್ಚೋ?" ಎಂದು ಕೇಳಬೇಕು. ತಕ್ಕ ಉತ್ತರ ದೊರೆಯದಿದ್ದರೆ ಹಳೆಯ ಹಾಜರಿ ಪುಸ್ತಕವೇ ಲೇಸೆಂಬುದು ನನ್ನ ದೃಢವಾದ ಅಭಿಪ್ರಾಯ. ಮಕ್ಕಳು ನಮ್ಮನ್ನು ನಂಬಿ ಕೈ ಚಾಚುತ್ತಾರೆ; ಆ ನಂಬಿಕೆಗೆ ಭಂಗ ಬರಬಾರದು.